ಆರು ಸಾವಿರದ ಮುನ್ನೂರು ಕೆಜಿ ಮತ್ತು ಒಂದು ‘ಹೂಂ’

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಇಳಿಜಾರಿನಿಂದ ಶುರು ಮಾಡಿದರೆ ನೀವು ಉಸಿರು ಬಿಗಿಹಿಡಿದು ಓದುತ್ತೀರಿ, ಆಮೇಲೆ ಯಾರಿಗೂ ಏನೂ ಆಗಲಿಲ್ಲ ಅಂತ ಗೊತ್ತಾದಾಗ ನನಗೆ ಶಾಪ ಹಾಕುತ್ತೀರಿ. ಏನೂ ಆಗಲಿಲ್ಲ ಅನ್ನುವುದರಿಂದಲೇ ಶುರು ಮಾಡಿದರೆ ಪುಟ ಮಗುಚಿ ಎದ್ದು ಹೋಗುತ್ತೀರಿ. ಕಥೆಗಾರನಾದವನು ಗುಟ್ಟನ್ನು ಕೊನೆಯವರೆಗೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಂತೆ. ನನ್ನ ಹೊಟ್ಟೆಯಲ್ಲಿ ಆಗಲೇ ಒಂದು ಗುಟ್ಟಿದೆ, ಇನ್ನೊಂದಕ್ಕೆ ಜಾಗವಿಲ್ಲ. ಆದ್ದರಿಂದ ಹೇಳಿಯೇ ಬಿಡುತ್ತೇನೆ: ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಭಾವ ಚೆನ್ನಾಗಿದ್ದಾರೆ, ಅಕ್ಕ ಚೆನ್ನಾಗಿದ್ದಾಳೆ, ಅಜ್ಜಿ ಎಲ್ಲರಿಗಿಂತ ಚೆನ್ನಾಗಿದ್ದಾರೆ. ಟ್ರಕ್ಕಿಗೆ ಒಂದು ಗೀರೂ ಬಿದ್ದಿಲ್ಲ. ಸದ್ಯ!

(ಶನಿವಾರದಿಂದ ಇವತ್ತು ಸೋಮವಾರದವರೆಗೆ ಈ ‘ಸದ್ಯ’ ಅನ್ನುವ ಮಾತನ್ನು ಎಷ್ಟು ಸಲ ಅಂದಿದ್ದೇನೋ. ಇವತ್ತು ಹಲ್ಲುಜ್ಜುವಾಗಲೂ ಅಂದೆ, ನೊರೆಯೆಲ್ಲ ಕನ್ನಡಿಗೆ ಹಾರಿತು.)

ಹಾಗಾದರೆ ಇನ್ನು ಕಥೆ ಏನು ಉಳಿಯಿತು ಅನ್ನುತ್ತೀರಿ. ಉಳಿದಿದೆ. ಭಾವ ಇನ್ನು ಮುಂದೆ ಆ ಟ್ರಕ್ ಓಡಿಸುವುದಿಲ್ಲ ಅಂದುಬಿಟ್ಟಿದ್ದಾರೆ. ನನ್ನ ಬುದ್ಧಿಯ ಮೇಲೆ ನನಗೇ ನಂಬಿಕೆ ಹೋಯಿತು ಅನ್ನುತ್ತಾರೆ. ಆದರೆ ತಪ್ಪು ಪೂರ್ತಿ ಅವರದಲ್ಲ. ಅರ್ಧ ನನ್ನದು, ಅರ್ಧಕ್ಕಿಂತ ಜಾಸ್ತಿಯೇ ನನ್ನದು. ಅದು ಅವರಿಗೆ ಗೊತ್ತಿಲ್ಲ. ಎದುರು ನಿಂತು ಹೇಳುವ ಧೈರ್ಯ ಸಾಲದೆ ನಾನು ಬೆಳಿಗ್ಗೆಯಿಂದ ಕಥೆ ಬರೆಯುತ್ತ ಕೂತಿದ್ದೇನೆ.

೨

ಪಾತ್ರಗಳ ಪರಿಚಯ. (ಒಳ್ಳೆಯ ಕಥೆಯಲ್ಲಿ ಪಾತ್ರಗಳು ತಾವಾಗಿಯೇ ಪರಿಚಯವಾಗಬೇಕಂತೆ. ನನಗೆ ಅಷ್ಟು ತಾಳ್ಮೆಯಿಲ್ಲ.)

ಅಕ್ಕ ಹಲ್ಲಿನ ಡಾಕ್ಟರ್. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಪಕ್ಕ ಜನರ ಬಾಯಿ ನೋಡಿದವಳು. ಹಲ್ಲುನೋವು ಬಂದವನು ಎಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದನ್ನು ನೋಡಿ ನೋಡಿ ಅವಳಿಗೆ ಸಾಕಾಯಿತು. ಆ ಕೋಣೆ ಬಿಟ್ಟು, ಒಂದು ಉದ್ದನೆಯ ಟ್ರೇಲರಿನೊಳಗೆ ಕುರ್ಚಿ, ದೀಪ, ಕಂಪ್ರೆಸರ್, ಎಕ್ಸ್‌ರೇ, ನೀರಿನ ಟ್ಯಾಂಕು ಎಲ್ಲವನ್ನೂ ಕೂರಿಸಿದಳು. ವಾರಕ್ಕೆರಡು ಊರು, ಹಲ್ಲಿನ ಡಾಕ್ಟರೇ ಇಲ್ಲದ ಊರುಗಳು. ರೋಗಿ ಬರುವ ಬದಲು ಕುರ್ಚಿಯೇ ಹೋಗಲಿ ಅಂತ.

ಕುರ್ಚಿಯನ್ನು ಎಳೆದುಕೊಂಡು ಹೋಗಬೇಕಾದವರು ಭಾವ. ಅವರದು ಇಪ್ಪತ್ತೆಂಟು ವರ್ಷದ ಗುಜರಿ ವ್ಯಾಪಾರ: ಹಳೇ ಪೇಪರ್, ಕಬ್ಬಿಣ, ತಾಮ್ರದ ತಂತಿ. ಗುಜರಿಯವನ ತೂಕ ಅಂದರೆ ಜನ ನಗುತ್ತಾರೆ, ಭಾವನ ತೂಕ ಅಂದರೆ ಯಾರೂ ನಗುತ್ತಿರಲಿಲ್ಲ. ಅವರ ಅಂಗಡಿಯಲ್ಲಿ ಎರಡೇ ಕಟ್ಟಳೆ. ಒಂದು, ಗಾಡಿ ತೂಗುವಾಗ ಅದರ ಮೇಲೆ ಮನುಷ್ಯ ಇರಕೂಡದು. ಸರಕಿನ ಮಧ್ಯೆ ದಪ್ಪನೆಯ ಆಳೊಬ್ಬನನ್ನು ಕೂರಿಸಿ ತೂಕ ಏರಿಸುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಎರಡು, ಒದ್ದೆ ಇರಕೂಡದು. ಪೇಪರಿಗೆ ನೀರು ಚಿಮುಕಿಸಿ ತರುವವರನ್ನು ಮೂಸಿಯೇ ಹಿಡಿಯುತ್ತಿದ್ದರು. ಮನುಷ್ಯ ಮತ್ತು ನೀರು, ತೂಕದಲ್ಲಿ ಇವೆರಡು ಸೇರಿದರೆ ಮೋಸ. ಇದು ಅವರ ರಕ್ತದಲ್ಲೇ ಇದೆ.

ಅಜ್ಜಿ ಅಂದರೆ ಭಾವನ ತಾಯಿ. ಅಕ್ಕನ ಮಕ್ಕಳು ಕರೆದೂ ಕರೆದೂ ಈಗ ನಮಗೆಲ್ಲರಿಗೂ ಅಜ್ಜಿಯೇ. ಎಂಬತ್ತು ದಾಟಿದೆ. ಮೊಣಕಾಲು, ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದೆ, ಬಾಯಿಯಂತೂ ಬಲು ಸರಿಯಾಗಿದೆ.

ನಾನು ಅಕ್ಕನ ತಮ್ಮ. ಗಾಡಿ ಮಾಡುವ ಕಂಪನಿಯೊಂದಕ್ಕೆ ಬ್ರೋಷರ್ ಬರೆಯುವವನು. ‘ಬೆಟ್ಟವೇ ಅಡ್ಡ ಬಂದರೂ ಬೆನ್ನು ಬಾಗದು’ ಅಂತೆಲ್ಲ ಶೋರೂಮಿನ ಮೇಜಿನ ಮೇಲೆ ಹೊಳೆಯುವ ಕಾಗದದಲ್ಲಿ ನೋಡಿರುತ್ತೀರಲ್ಲ, ಆ ಪಾಪ ನನ್ನದು.

ಐದನೆಯವಳು ಅಕ್ಕನ ನರ್ಸ್. (ಅವಳಿಗೆ ಇಲ್ಲಿ ಮಾತಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದಳು, ಅರವತ್ತೆರಡು ಕೆಜಿ, ಅಷ್ಟೇ. ಹನ್ನೊಂದು ವರ್ಷ ದುಡಿದವಳಿಗೆ ಇದು ಅನ್ಯಾಯ ಅಂತ ನನಗೂ ಗೊತ್ತು. ಆದರೆ ಒಬ್ಬೊಬ್ಬರು ಹತ್ತಿದ ಹಾಗೂ ಎಳೆಯುವ ಶಕ್ತಿ ಇಳಿಯುತ್ತ ಹೋಗುತ್ತದೆ, ಟ್ರಕ್ಕಿನದೂ ಕಥೆಯದೂ.)

೩

ಈಗ ಸ್ವಲ್ಪ ಲೆಕ್ಕ. ಬೇಜಾರಾದರೆ ಬಿಟ್ಟು ಮುಂದೆ ಹೋಗಿ ಅನ್ನುತ್ತಿದ್ದೆ, ಆದರೆ ನಾನು ಮಾಡಿದ ತಪ್ಪು ಇರುವುದು ಇಲ್ಲೇ.

ಭಾವ ಕೊಂಡದ್ದು ಹೆವಿ ಡ್ಯೂಟಿ ಪಿಕಪ್ ಟ್ರಕ್, ನಾಲ್ಕು ಬಾಗಿಲಿನದು. ಬ್ರೋಷರಿನ ನಾಲ್ಕನೇ ಪುಟದಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ಬರೆದಿದೆ: ಎಳೆಯುವ ಸಾಮರ್ಥ್ಯ ಆರು ಸಾವಿರದ ಮುನ್ನೂರು ಕೆಜಿ. ಸುಳ್ಳಲ್ಲ. ಪರೀಕ್ಷೆ ಮಾಡಿಯೇ ಬರೆದದ್ದು. ಆದರೆ ಯಾವ ಟ್ರಕ್ಕಿಗೆ ಪರೀಕ್ಷೆ? ಅದೇ ಹೆಸರಿನ ಅತಿ ಹಗುರವಾದ ಟ್ರಕ್ಕಿಗೆ. ಒಳಗೆ ಒಬ್ಬನೇ ಚಾಲಕ, ಎಪ್ಪತ್ತು ಕೆಜಿ. ಟ್ರಕ್ಕಿನ ಬೆನ್ನ ಮೇಲೆ ಸಾಮಾನು ಏನೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಈ ಚಾಲಕನನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಹೆಂಡತಿ ಇಲ್ಲ, ತಾಯಿ ಇಲ್ಲ, ಕೈಚೀಲ ಇಲ್ಲ, ಕುಡಿಯಲು ನೀರಿನ ಬಾಟಲಿಯೂ ಇಲ್ಲ. ಪಾಪ, ಯಾವ ಊರಿಗೆ ಏನನ್ನು ಎಳೆದುಕೊಂಡು ಹೋಗುತ್ತಾನೋ.

ಈ ಸಂಗತಿಯನ್ನೂ ಬ್ರೋಷರಿನಲ್ಲಿ ಹೇಳಿದೆ. ಅಂಕಿಯ ತಲೆಯ ಮೇಲೆ ಒಂದು ನಕ್ಷತ್ರ, ಪುಟದ ಬುಡದಲ್ಲಿ ನಕ್ಷತ್ರದ ವಿವರ. ಬರೆದವನು ನಾನೇ. ಅಕ್ಷರ ಸ್ವಲ್ಪ ಚಿಕ್ಕದಾಗಲಿ ಅಂತ ಮೇಲಿನವರು ಅಂದರು, ಮಾಡಿದೆ. ಇನ್ನೂ ಚಿಕ್ಕದಾಗಲಿ ಅಂದರು, ಮಾಡಿದೆ. ಕೊನೆಗೆ ಅದನ್ನು ಓದಲು ನನಗೇ ಕನ್ನಡಕ ಬೇಕಾಯಿತು.

ಎರಡನೆಯ ವಿಷಯ. ಎಳೆಯುವುದು ಬೇರೆ, ಹೊರುವುದು ಬೇರೆ. ಟ್ರೇಲರ್ ತನ್ನ ಚಕ್ರದ ಮೇಲೆ ತಾನೇ ಉರುಳುತ್ತದೆ ನಿಜ, ಆದರೆ ಅದರ ಮೂತಿ ಟ್ರಕ್ಕಿನ ಹಿಂದಿನ ಕೊಂಡಿಯ ಮೇಲೆ ಕೂತಿರುತ್ತದೆ. ಒಟ್ಟು ತೂಕದ ಎಂಟನೇ ಒಂದು ಪಾಲಿನಷ್ಟು ಆ ಮೂತಿಯ ಮೂಲಕ ಟ್ರಕ್ಕಿನ ಬೆನ್ನಿಗೆ ಬೀಳುತ್ತದೆ. ಕಾಲುನೋವಿನವರನ್ನು ಕೈಹಿಡಿದು ನಡೆಸುವಾಗ ಅವರು ತಮ್ಮ ಕಾಲಲ್ಲೇ ನಡೆದರೂ ಒಂದಿಷ್ಟು ಭಾರ ನಮ್ಮ ಭುಜಕ್ಕೆ ಬರುತ್ತದಲ್ಲ, ಹಾಗೆ. ಈ ಮೂತಿಯ ಭಾರ, ಒಳಗೆ ಕೂತ ಜನ, ಹಿಂದೆ ಹೇರಿದ ಸಾಮಾನು ಮೂರೂ ಸೇರಿ ಟ್ರಕ್ ಹೊರಬಲ್ಲ ತೂಕವನ್ನು ಮೀರಕೂಡದು. ಆ ತೂಕ ಎಷ್ಟು ಅಂತ ಬ್ರೋಷರಿನಲ್ಲಿ ಹುಡುಕಬೇಡಿ. ಅದು ಚಾಲಕನ ಬಾಗಿಲು ತೆರೆದರೆ ಅಂಚಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ, ಒಂದೊಂದು ಟ್ರಕ್ಕಿಗೆ ಒಂದೊಂದು. ಭಾವನ ಟ್ರಕ್ಕಿನ ಚೀಟಿಯಲ್ಲಿ ಇರುವುದು ಒಂದು ಸಾವಿರದ ಐವತ್ತು ಕೆಜಿ.

ಆರು ಸಾವಿರ ಎಳೆಯುವ ಗಾಡಿ ಹೊರುವುದು ಒಂದು ಸಾವಿರ ಚಿಲ್ಲರೆ! ಜನ ದೊಡ್ಡ ಅಂಕಿಯನ್ನು ನಂಬಿ ಹೊರಡುತ್ತಾರೆ, ಕೈಕೊಡುವುದು ಚಿಕ್ಕ ಅಂಕಿ. ಅದು ಮೀರಿದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳಿಗೆ ನೆಲದ ಹಿಡಿತ ತಪ್ಪುತ್ತದೆ, ಇಳಿಜಾರಿನಲ್ಲಿ ಬ್ರೇಕು ಕಾಯುತ್ತ ಹೋಗಿ ಒಂದು ಹೊತ್ತಿನಲ್ಲಿ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಇದೆಲ್ಲ ನನಗೆ ಬಾಯಿಪಾಠ. ಹೊಟ್ಟೆಪಾಡೇ ಅದು.

ಮೂರು ತಿಂಗಳ ಹಿಂದೆ, ಟ್ರಕ್ ಕೊಳ್ಳುವ ಮೊದಲು, ಭಾವ ನನ್ನ ಮನೆಗೆ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ಬಗ್ಗಿ ಷೂ ದಾರ ಕಟ್ಟಿಕೊಳ್ಳುತ್ತ ಕೇಳಿದರು.

“ಇದು ಆರು ಸಾವಿರದ ಮುನ್ನೂರು ಎಳೆಯುತ್ತೆ ತಾನೆ?”

ನಾನು ಫೋನ್ ನೋಡುತ್ತಿದ್ದೆ.

“ಹೂಂ,” ಅಂದೆ.

ಅಷ್ಟೇ. ಆಮೇಲೆ ಅವರು ಸಿಕ್ಕವರಿಗೆಲ್ಲ, ಈ ನಂಬರ್ ಬರೆದವನೇ ನಮ್ಮ ಮನೆಯವನು, ಬೇರೆ ಯಾರನ್ನು ಕೇಳಬೇಕು, ಅನ್ನತೊಡಗಿದರು. ಒಂದು ವಾರ ಕಳೆದ ಮೇಲೆ ತಿದ್ದುವುದು ಕಷ್ಟವಾಯಿತು. ಒಂದು ತಿಂಗಳಾದ ಮೇಲೆ ಇನ್ನೂ ಕಷ್ಟವಾಯಿತು. ಟ್ರೇಲರ್ ಸಿದ್ಧವಾದ ದಿನ ಭಾವ ತಮ್ಮ ಪದ್ಧತಿಯಂತೆ ಟ್ಯಾಂಕಿನ ನೀರು ಬಸಿದು, ಒಳಗಿದ್ದವರನ್ನೆಲ್ಲ ಇಳಿಸಿ, ಒಣಗಿದ ಟ್ರೇಲರನ್ನು ತೂಗಿದರು. ಐದು ಸಾವಿರದ ನಾನೂರು. ಇನ್ನೂ ಒಂಬೈನೂರು ಮಿಗುತ್ತಲ್ಲ ಅಂತ ಖುಷಿಯಾಗಿ ಟ್ರಕ್ಕಿನ ಹಿಂದೆ ಒಂದು ಜನರೇಟರನ್ನೂ ಹೇರಿದರು. ನಾನು ಅಲ್ಲೇ ಇದ್ದೆ. ಹಗ್ಗ ಹಿಡಿದುಕೊಂಡಿದ್ದೆ.

೫

(ನಾಲ್ಕನೇ ಭಾಗವನ್ನು ಇಳಿಸಿದ್ದೇನೆ. ಅದರಲ್ಲಿ ನನ್ನ ಬಾಲ್ಯ ಇತ್ತು, ನಾನು ಯಾಕೆ ಹೀಗೆ ಬಾಯಿ ಸತ್ತವನಾದೆ ಅನ್ನುವ ಸಮಜಾಯಿಷಿ ಇತ್ತು. ಒಂದೂವರೆ ಪುಟ. ದಂಡದ ಭಾರ.)

ಮೊದಲ ಕರಡು ಹೀಗಿತ್ತು:

‘ಶನಿವಾರ ಬೆಳಿಗ್ಗೆ. ಗುಡ್ಡದ ನೆತ್ತಿ. ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ಇಳಿಜಾರು. ಟ್ರೇಲರ್ ಎಳೆಯುವ ಯಾವ ಗಾಡಿಯಾದರೂ ಅಲ್ಲಿನ ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿ ಪಡೆದೇ ಕೆಳಗಿಳಿಯಬೇಕು. ಭಾವ ಟ್ರಕ್ಕಿನ ಕಡೆ ಹೆಜ್ಜೆ ಹಾಕಿದರು. ಆಗ ನಾನು ಮುಂದೆ ಬಂದೆ. “ನಿಲ್ಲಿಸಿ ಭಾವ,” ಎಂದೆ. ನನ್ನ ದನಿಯಲ್ಲಿ ಹಿಂದೆಂದೂ ಇಲ್ಲದ ಗಡಸುತನವಿತ್ತು. ಗಾಳಿಗೆ ನನ್ನ ಕೂದಲು...’

ಇಷ್ಟು ಬರೆಯುವ ಹೊತ್ತಿಗೆ ಅಜ್ಜಿ ಬಂದರು. (ಪಾತ್ರ ಬಂತೋ, ಅಜ್ಜಿಯೇ ಬಂದರೋ ಅಂತ ಕೇಳಬೇಡಿ. ನನ್ನ ಕೋಣೆಗೆ ಇರುವುದು ಒಂದೇ ಬಾಗಿಲು, ಇಬ್ಬರೂ ಅದರಲ್ಲೇ ಬರಬೇಕು.) ಬಾಗಿಲ ಚೌಕಟ್ಟು ಹಿಡಿದು ನಿಂತು, ಓದು ನೋಡೋಣ ಅಂದರು. ಓದಿದೆ. ಕೂದಲಿನ ವಿಷಯ ಬಂದಾಗ ಅವರು ನನ್ನ ಬೋಳಾಗುತ್ತಿರುವ ತಲೆಯನ್ನು ಒಮ್ಮೆ ನೋಡಿದರು.

“ನೀನೆಲ್ಲಪ್ಪ ನಿಲ್ಲಿಸಿ ಅಂದೆ? ನಾನು ಅಲ್ಲೇ ಕೂತಿದ್ದೆ. ನನಗೆ ಕಣ್ಣು ಮಂಜು, ಕಿವಿ ಅಲ್ಲ.”

ಕಥೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ ಅಜ್ಜಿ ಅಂತ ನಾನು ವಾದ ಮಾಡಿದೆ. ಹೆಚ್ಚು ಇದ್ದರೆ ಇರಲಿ, ಕಡಿಮೆಯೇ ಆಗಿದ್ದನ್ನು ಜಾಸ್ತಿ ಮಾಡಿ ತೂಗಬೇಡ, ನನ್ನ ಮಗ ಇಲ್ಲಿ ಇದ್ದಿದ್ದರೆ ಆ ಕಾಗದ ಮೂಸಿ ನೋಡಿಯೇ ಆಚೆ ಎಸೆಯುತ್ತಿದ್ದ, ಅಂದರು. ಮೊದಲ ಕರಡು ಹರಿದೆ.

೬

ಎರಡನೇ ಕರಡಿನಲ್ಲಿ ಧೈರ್ಯದ ಗೊಡವೆಗೇ ಹೋಗಲಿಲ್ಲ. ಅಪಘಾತಕ್ಕೆ ಕೈಹಾಕಿದೆ. ಮೂರನೇ ತಿರುವು. ಬ್ರೇಕಿನಿಂದ ಸುಟ್ಟ ವಾಸನೆ. ಭಾವ ಸ್ಟಿಯರಿಂಗ್ ತಿರುಗಿಸುತ್ತಾರೆ, ಮುಂದಿನ ಚಕ್ರ ಕೇಳುವುದಿಲ್ಲ. ಹಿಂದಿನಿಂದ ಟ್ರೇಲರ್ ನೂಕುತ್ತಿದೆ. ಬರೆಯಲು ಬಲು ಸಲೀಸಾಗಿತ್ತು, ನಾಚಿಕೆಯಾಗುವಷ್ಟು ಸಲೀಸಾಗಿತ್ತು.

ಆಗ ಮಾತಾಡಿದವಳು ಅಕ್ಕ, ಕರಡಿನೊಳಗಿಂದಲೇ, ಮುಂದಿನ ಸೀಟಿನಲ್ಲಿ ಕೂತುಕೊಂಡು.

“ನನ್ನ ಗಂಡನ್ನ ಪ್ರಪಾತಕ್ಕೆ ಬೀಳಿಸಿ ನೀನು ಮೇಲೆ ಅಳ್ತಾ ನಿಂತ್ಕೊಳ್ತೀಯ. ಓದೋರು ನಿನ್ನ ನೋಡಿ ಅಯ್ಯೋ ಪಾಪ ಅಂತಾರೆ. ಆಮೇಲೆ ನೀನು ಯಾರ ಹತ್ರಾನೂ ಏನೂ ಒಪ್ಕೋಬೇಕಾಗಿಲ್ಲ. ಕೇಳೋನೇ ಇಲ್ವಲ್ಲ.”

ಹಲ್ಲಿನ ಡಾಕ್ಟರಿಗೆ ಎಲ್ಲಿ ಮುಟ್ಟಿದರೆ ನೋಯುತ್ತದೆ ಅಂತ ಗೊತ್ತಿರುತ್ತದೆ. ಟ್ರಕ್ಕನ್ನು ತಿರುವಿನಲ್ಲೇ ನಿಲ್ಲಿಸಿ ನಾನು ಎದ್ದು ಹೋಗಿ ನಿಜವಾದ ಅಕ್ಕನ ಮನೆಗೆ ಫೋನ್ ಮಾಡಿದೆ. ಅಕ್ಕ ಎತ್ತಿಕೊಂಡಳು. ಅವಳ ಹಿಂದೆ ಎಲ್ಲೋ ಭಾವ ಕೆಮ್ಮಿದ್ದು ಕೇಳಿಸಿತು, ಅವರ ಮಾಮೂಲಿ ಬೆಳಗಿನ ಕೆಮ್ಮು, ಎರಡು ಸಲ ಸಣ್ಣದು, ಒಂದು ಸಲ ದೊಡ್ಡದು. ಹೋದ ಜೀವ ಬಂದ ಹಾಗಾಯಿತು. ಸುಮ್ಮನೆ ಮಾಡಿದೆ ಅಂತ ಇಟ್ಟುಬಿಟ್ಟೆ. ಎರಡನೇ ಕರಡನ್ನೂ ಹರಿದೆ. ಸದ್ಯ, ಸದ್ಯ, ಸದ್ಯ.

೭

ಹಾಗಾದರೆ ನಡೆದದ್ದನ್ನೇ ಬರೆಯುತ್ತೇನೆ. ಇದಕ್ಕೆ ಅಲಂಕಾರ ಬೇಕಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾವು ಐವರೂ ಗುಡ್ಡದ ನೆತ್ತಿಯ ವೇಬ್ರಿಡ್ಜ್ ತಲುಪಿದೆವು. ಅಕ್ಕನ ಮೊದಲ ಊರು ಕೆಳಗಿನ ಬಯಲಿನಲ್ಲಿತ್ತು. ಸೊಸೆಯ ಮೊದಲ ದಿನ ನೋಡದೆ ಬಿಡುವುದಿಲ್ಲ ಅಂತ ಅಜ್ಜಿ ಹಟ ಹಿಡಿದು ಬಂದಿದ್ದರು. ವೇಬ್ರಿಡ್ಜಿನ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು, ಕುತ್ತಿಗೆಗೆ ಮಫ್ಲರ್, ಮುಂದೆ ತೂಕ ತೋರಿಸುವ ಪರದೆ.

ಭಾವ ಬಂದವರೇ ತಮ್ಮ ಕಟ್ಟಳೆ ಶುರು ಮಾಡಿದರು. ಎಲ್ಲರೂ ಇಳಿಯಿರಿ ಅಂದರು. ಅಕ್ಕ ಇಳಿದಳು, ನರ್ಸ್ ಇಳಿದಳು, ನಾನು ಎಲ್ಲರಿಗಿಂತ ಮೊದಲು ಇಳಿದಿದ್ದೆ. ಜನರೇಟರನ್ನೂ ಪಕ್ಕಕ್ಕೆ ಇಳಿಸೋಣ ಅಂದರು. ಆಮೇಲೆ ಟ್ರೇಲರಿನ ಮುಂಭಾಗದಲ್ಲಿದ್ದ ನೀರಿನ ಟ್ಯಾಂಕಿನ ನಲ್ಲಿಗೆ ಕೈಹಾಕಿದರು. ಮನೆಯಲ್ಲಿ ತುಂಬಿಸಿಕೊಂಡು ಬಂದ ನಾನೂರು ಲೀಟರ್. ಕೋಣೆಯಿಂದ ಹೆಂಗಸು ಇಣುಕಿ ಏನು ಮಾಡುತ್ತಿದ್ದೀರಿ ಅಂದಳು. ಒದ್ದೆ ತೂಕ ಕೊಟ್ಟು ಅಭ್ಯಾಸವಿಲ್ಲ, ಬಸಿದು ತೂಗಿಸಿ, ಆಮೇಲೆ ನಿಮ್ಮ ನಲ್ಲಿಯಿಂದಲೇ ತುಂಬಿಸಿಕೊಳ್ಳುತ್ತೇನೆ, ಅಂದರು ಭಾವ, ಬಹಳ ಪ್ರಾಮಾಣಿಕವಾಗಿ.

ಅಜ್ಜಿ ಮಾತ್ರ ಇಳಿದಿರಲಿಲ್ಲ. ಭಾವ ಬಾಗಿಲ ಹತ್ತಿರ ಹೋಗಿ, ಅಮ್ಮ ಇಳಿ, ತೂಕದಲ್ಲಿ ಮನುಷ್ಯ ಸೇರಬಾರದು, ಅಂದರು. ಅಜ್ಜಿ ಮೊಣಕಾಲು ನೀವಿಕೊಂಡರು.

“ಕೆಳಗೆ ಹೋಗೋವಾಗ ನಾನು ಗಾಡಿ ಒಳಗಿರ್ತೀನೋ, ಹೊರಗೋ?”

“ಒಳಗೇ ಅಮ್ಮ.”

“ಆ ನೀರು?”

“ಅದೂ ಒಳಗೇ.”

“ಮತ್ತೆ ತೂಗೋವಾಗ ಮಾತ್ರ ಯಾಕಪ್ಪ ಹೊರಗೆ? ನಾನೇನು ಹಳೇ ಪೇಪರಾ?”

ಕೋಣೆಯ ಹೆಂಗಸು ನಕ್ಕಳು. ಅಜ್ಜಿ ಹೇಳುವುದೇ ಸರಿ, ಎಲ್ಲರೂ ಹತ್ತಿ, ಎಲ್ಲವನ್ನೂ ಹತ್ತಿಸಿ, ಟ್ರೇಲರ್ ಕೊಂಡಿಯಲ್ಲೇ ಇರಲಿ, ಟ್ರಕ್ಕಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ, ಅಂದಳು. ಹತ್ತಿದೆವು. ಪರದೆಯ ಮೇಲೆ ಅಂಕಿ ಸ್ವಲ್ಪ ಹೊತ್ತು ಕುಣಿದು ನಿಂತಿತು: ನಾಲ್ಕು ಸಾವಿರದ ಏಳುನೂರ ಐವತ್ತು. ನಿಮ್ಮ ಬಾಗಿಲ ಚೀಟಿ ನೋಡಿ ಅಂದಳು. ಭಾವ ಬಾಗಿಲು ತೆಗೆದು ಬಗ್ಗಿ ಓದಿದರು, ಮತ್ತೊಮ್ಮೆ ಓದಿದರು. ಟ್ರಕ್ಕಿನ ಸ್ವಂತ ತೂಕ ಮೂರು ಸಾವಿರದ ನಾನೂರ ಐವತ್ತು, ಅದು ಹೊರಬಲ್ಲದ್ದು ಒಂದು ಸಾವಿರದ ಐವತ್ತು, ಎಲ್ಲ ಸೇರಿ ನಾಲ್ಕು ಸಾವಿರದ ಐನೂರು ದಾಟಕೂಡದು. ನಾವು ಇನ್ನೂರ ಐವತ್ತು ದಾಟಿದ್ದೆವು, ಹದಿನಾಲ್ಕು ಕಿಲೋಮೀಟರ್ ಇಳಿಜಾರಿನ ನೆತ್ತಿಯಲ್ಲಿ.

ಭಾವನ ಮುಖ ಬಿಳಿಚಿಕೊಂಡಿತು. ಅಜ್ಜಿ ಮಗನ ಮಾತು ಕೇಳಿ ಇಳಿದಿದ್ದರೆ, ಎಲ್ಲವನ್ನೂ ಖಾಲಿ ಮಾಡಿ ತೂಗಿ, ಚೀಟಿ ಪಡೆದು, ಮತ್ತೆ ಎಲ್ಲವನ್ನೂ ತುಂಬಿಸಿಕೊಂಡು ನಾವು ಇಳಿಯುತ್ತಿದ್ದೆವು. ಅಷ್ಟು ಹೊತ್ತೂ ನಾನು ಏನು ಮಾಡುತ್ತಿದ್ದೆ? ಮೊದಲು ಹೊರಗೆ ನಿಂತು, ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ನನ್ನ ಉಗುರು ನೋಡಿಕೊಳ್ಳುತ್ತಿದ್ದೆ. ನನಗೆ ಆ ಅಂಕಿ ಆಶ್ಚರ್ಯ ತರಲಿಲ್ಲ. ಅದು ಹೆಚ್ಚುಕಡಿಮೆ ಎಷ್ಟು ಬರುತ್ತದೆ ಅಂತ ನಾನು ಮನಸ್ಸಿನಲ್ಲೇ ಗುಣಿಸಿಕೊಂಡಿದ್ದೆ. ಹತ್ತು ಕೆಜಿ ವ್ಯತ್ಯಾಸವಾಯಿತು ಅಷ್ಟೆ.

೮

ಮುಂದಿನದು ಸುಲಭ, ಬರೆಯಲು ಖುಷಿ. ನೀರನ್ನು ಪೂರ್ತಿ ಬಸಿದೆವು. ಕೆಳಗಿನ ಊರಿನಲ್ಲಿ ನೀರಿಗೇನು ಬರವೇ? ಜನರೇಟರನ್ನು ಟ್ರಕ್ಕಿನಿಂದ ಇಳಿಸಿ ಟ್ರೇಲರಿನ ಚಕ್ರದ ಹಿಂಭಾಗಕ್ಕೆ ಸಾಗಿಸಿದೆವು, ಮೂತಿಯ ಭಾರ ಇಳಿಯಿತು. ಅಜ್ಜಿ, ನರ್ಸ್, ನಾನು ಮೂವರೂ ಬಸ್ಸಿಗೆ ಹೋಗುವುದು ಅಂತಾಯಿತು. ಭಾವ, ಅಕ್ಕ ಇಬ್ಬರೇ ಟ್ರಕ್ಕಿನಲ್ಲಿ. ಮತ್ತೆ ತೂಗಿದಾಗ ನಾಲ್ಕು ಸಾವಿರದ ಇನ್ನೂರ ಎಪ್ಪತ್ತು. ಹೆಂಗಸು ಚೀಟಿ ಹರಿದು ಕೊಟ್ಟಳು.

ನಮ್ಮ ಬಸ್ಸು ಇಳಿಜಾರಿನುದ್ದಕ್ಕೂ ಅವರ ಹಿಂದೆಯೇ ಇತ್ತು. ನಾನು ಚಾಲಕನ ಪಕ್ಕದ ಕಂಬ ಹಿಡಿದು ನಿಂತು ಮುಂದಿನ ಗಾಜಿನಿಂದ ಟ್ರೇಲರಿನ ಬೆನ್ನನ್ನೇ ನೋಡುತ್ತಿದ್ದೆ. ಅದರ ಮೇಲೆ ದೊಡ್ಡದೊಂದು ಹಲ್ಲಿನ ಚಿತ್ರವಿದೆ, ಕಣ್ಣು ಬಾಯಿ ಬರೆದು ನಗಿಸಿದ್ದಾರೆ. ಹದಿನಾಲ್ಕು ಕಿಲೋಮೀಟರ್ ಆ ಹಲ್ಲು ಒಂದು ಸಲವೂ ಅತ್ತಿತ್ತ ಅಲುಗಲಿಲ್ಲ. ಅಜ್ಜಿ ಮೊದಲ ತಿರುವಿಗೇ ನಿದ್ದೆ ಹೋದರು. ಕೆಳಗೆ ರಸ್ತೆ ಬದಿ ಟ್ರಕ್ ನಿಂತಿತ್ತು, ಭಾವ ಚಕ್ರಗಳ ಹತ್ತಿರ ಅಂಗೈ ಹಿಡಿದು ಬಿಸಿ ನೋಡುತ್ತಿದ್ದರು. ಬೆಚ್ಚಗಿದೆ ಅಷ್ಟೇ ಅಂದರು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು. ನನಗೆ ಬಸ್ಸಿನ ಮೆಟ್ಟಿಲ ಮೇಲೇ ಅಳು ಬಂತು, ಧೂಳು ಅಂದೆ.

ಎರಡು ದಿನದಲ್ಲಿ ಅಕ್ಕ ಐವತ್ತೊಂದು ಬಾಯಿ ನೋಡಿದಳು. ಭಾನುವಾರ ಸಂಜೆ ವಾಪಸ್ ಬಂದು ಟ್ರೇಲರನ್ನು ಶೆಡ್ಡಿಗೆ ಸೇರಿಸಿದ ಮೇಲೆ ಭಾವ ಕೈ ತೊಳೆದುಕೊಂಡು ಬಂದು ಕೂತರು.

“ಇಪ್ಪತ್ತೆಂಟು ವರ್ಷ ತೂಗಿದೋನು ನಾನು. ನನ್ನ ಮನೆಯೋರನ್ನ ತೂಗಲಿಲ್ಲ. ತಲೆ ಕೆಟ್ಟಿದೆ. ಇನ್ನು ನಾನು ಓಡಿಸಲ್ಲ.”

ಅಕ್ಕ ಏನೇನೋ ಹೇಳಿದಳು. ಬುಧವಾರದ ಊರಿನಲ್ಲಿ ಆಗಲೇ ನಲವತ್ತು ಜನ ಹೆಸರು ಬರೆಸಿದ್ದಾರೆ ಅಂದಳು. ಬೇರೆ ಚಾಲಕನನ್ನು ನೋಡಿಕೋ ಅಂದರು ಭಾವ. ಕಂಪನಿಯ ಅಂಕಿಯಲ್ಲೇ ಏನಾದರೂ ತಪ್ಪಿತ್ತೇನೋ ಅಂತ ಅಕ್ಕ ಅಂದಾಗ ಅವರು ನನ್ನ ಕಡೆ ಕೈ ತೋರಿಸಿ, ಇವನು ಬರೆದದ್ದು ಸರಿಯಾಗಿಯೇ ಇರುತ್ತೆ, ಓದಿದ ನನ್ನ ತಲೆ ಸರಿಯಿಲ್ಲ, ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಕಳ್ಳ ಅಂದೇ ಇರಲಿಲ್ಲ, ಆದರೂ ಹೆಗಲು ಉರಿಯಿತು.

೯

ಮುಗಿಸುವ ದಾರಿಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಅನ್ನುವುದು ಈ ಬಗೆಯ ಕಥೆಗಳ ವಾಡಿಕೆ.

ಅ) ಏನೂ ಹೇಳದೆ ಇರುವುದು. ಅಕ್ಕನಿಗೆ ಇನ್ನೊಬ್ಬ ಚಾಲಕ ಸಿಗುತ್ತಾನೆ. ಭಾವ ಮನೆಯಲ್ಲಿ ಕೂರುತ್ತಾರೆ. ಯಾರಾದರೂ ಎರಡು ಕೆಜಿ ಏನನ್ನೋ ತೂಗಲು ಕೊಟ್ಟರೂ, ನನ್ನನ್ನು ಕೇಳಬೇಡಿ, ಅನ್ನುತ್ತಾರೆ. ನಾನು ಹಲ್ಲು ಕಿರಿದು ನಗುತ್ತ ಅವರ ಎದುರು ಇನ್ನೂ ಇಪ್ಪತ್ತು ವರ್ಷ ಕೂರಬೇಕು. (ಇದು ಎಲ್ಲಕ್ಕಿಂತ ಸುಲಭ. ಅದಕ್ಕೇ ಮೊದಲು ಬರೆದೆ.)

ಆ) ಈ ಹಾಳೆಗಳನ್ನೇ ಭಾವನ ಕೈಗೆ ಕೊಟ್ಟು ಓಡಿಬರುವುದು. ಬಹಳ ಆಧುನಿಕ. ಆದರೆ ಭಾವ ಕಥೆ ಓದುವುದಿಲ್ಲ. ಓದಿದರೂ ಕರಡು ಯಾವುದು ನಿಜ ಯಾವುದು ಅಂತ ಅವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ನಾನು ಮೂರು ಊರು ದಾಟಿರುತ್ತೇನೆ. ಮೇಲೆ ದೊಡ್ಡಕ್ಷರದ ಕಥೆ, ಕೆಳಗೆ ಸಣ್ಣಕ್ಷರದ ತಪ್ಪೊಪ್ಪಿಗೆ. ನನ್ನ ಹಳೇ ಕಸುಬೇ ಇದು.

ಇ) ಎದ್ದು ಹೋಗುವುದು.

ಓದುಗರೇ, ಇಲ್ಲಿ ಕಥೆಯಲ್ಲಿ ಎರಡು ಗಂಟೆಯ ಕಂಡಿ ಇದೆ. ನಾನು ಪೆನ್ನು ಮುಚ್ಚಿಟ್ಟು ಹೋಗಿದ್ದೆ. ಈಗಷ್ಟೇ ಬಂದು ಕೂತೆ. ಷೂ ಕೂಡ ಬಿಚ್ಚಿಲ್ಲ.

೧೦

ಭಾವ ಶೆಡ್ಡಿನಲ್ಲಿದ್ದರು. ಅಕ್ಕನ ಕುರ್ಚಿಯ ಕಾಲಿನ ಪೆಡಲ್ ಬಿಚ್ಚಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು ಬಟ್ಟೆಯಿಂದ ಒರೆಸುತ್ತಿದ್ದರು. ಬಾ ಅಂದರು. ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದ ಪೀಠಿಕೆಯೆಲ್ಲ ಮರೆತುಹೋಗಿತ್ತು.

“ಭಾವ, ಆ ಆರು ಸಾವಿರದ ಮುನ್ನೂರು ನಿಮ್ಮ ಗಾಡಿ ನಂಬರ್ ಅಲ್ಲ. ಖಾಲಿ ಗಾಡಿದು. ನೀವು ಕೇಳಿದ ದಿನಾನೇ ನನಗೆ ಗೊತ್ತಿತ್ತು. ಹೂಂ ಅಂದ್ಬಿಟ್ಟೆ.”

ಅವರ ಕೈ ನಿಂತಿತು.

“ಜನರೇಟರ್ ಹೇರಿದಾಗ?”

“ಆಗಲೂ ಗೊತ್ತಿತ್ತು.”

“ಗುಡ್ಡದ ಮೇಲೆ?”

“ಆಗಲೂ.”

“ಅಮ್ಮ ಇಳಿದುಬಿಟ್ಟಿದ್ರೆ ಹೇಳ್ತಿದ್ಯಾ?”

ಎರಡು ಕರಡು ಬರೆದು ಹರಿದವನು ನಾನು, ಈ ಪ್ರಶ್ನೆಯ ಹತ್ತಿರವೂ ಹೋಗಿರಲಿಲ್ಲ. ಹೇಳುತ್ತಿದ್ದೆ ಅನ್ನಬೇಕು ಅನ್ನಿಸಿತು. ಬಾಯಿವರೆಗೂ ಬಂತು.

“ಗೊತ್ತಿಲ್ಲ ಭಾವ. ಹೇಳ್ತಿದ್ದೆ ಅನ್ನೋಕೆ ಬಾಯಿ ಬರ್ತಿಲ್ಲ.”

ಭಾವ ಪೆಡಲನ್ನು ಸ್ಟೂಲಿನ ಪಕ್ಕಕ್ಕೆ ಇಟ್ಟರು. ಹೊಡೆಯುತ್ತಾರೇನೋ ಅಂದುಕೊಂಡೆ, ಹೊಡೆದರೆ ಒಳ್ಳೆಯದು ಅಂತಲೂ ಅಂದುಕೊಂಡೆ. ಆಮೇಲೆ ಅವರು ಉದ್ದಕ್ಕೆ ಉಸಿರು ಬಿಟ್ಟರು. ಎರಡು ದಿನದಿಂದ ಕಿವಿಯವರೆಗೆ ಏರಿಸಿಕೊಂಡಿದ್ದ ಭುಜ ಇಳಿಯಿತು.

“ಹಾಗಾದ್ರೆ ನನ್ನ ತಲೆ ಪೂರ್ತಿ ಕೆಟ್ಟಿಲ್ಲ.”

“ಇಲ್ಲ ಭಾವ.”

“ನಿನ್ನ ಮೇಲೆ ಸಿಟ್ಟು ಬಂದಿದೆ. ಇವತ್ತು ಮಾತಾಡಿಸ್ಬೇಡ. ನಾಳೆನೂ ಬೇಡ.”

ಹೂಂ ಅನ್ನಲು ಹೋಗಿ ನುಂಗಿಕೊಂಡು, ಆಯ್ತು ಅಂದೆ. ಬಾಗಿಲವರೆಗೆ ಬಂದಿದ್ದೆ, ಹಿಂದಿನಿಂದ ಕರೆದರು. ತಲೆ ಎತ್ತಿರಲಿಲ್ಲ, ಮತ್ತೆ ಒರೆಸಲು ಶುರು ಮಾಡಿದ್ದರು.

“ಬುಧವಾರ ಏಳಕ್ಕೆ ಹೊರಡ್ತೀನಿ. ನೀನೂ ಬಾ. ಲೆಕ್ಕ ನೀನೇ ಹಾಕು, ಬಾಯಿಬಿಟ್ಟು ಜೋರಾಗಿ ಹೇಳು. ಎಲ್ಲರಿಗೂ ಕೇಳಿಸ್ಬೇಕು.”

ದಾರಿಯುದ್ದಕ್ಕೂ ನಾನು ಹಗುರಾಗಿ ನಡೆದುಬಂದೆ. ಎದುರು ಬಂದ ಯಾರೋ ಗುರುತಿಲ್ಲದವರಿಗೆ ನಮಸ್ಕಾರ ಹೇಳಿದೆ.

೧೧

ಇಲ್ಲಿಗೆ ಮುಗಿಸಿಬಿಡು ಅಂತ ನೀವು ಅನ್ನುತ್ತೀರಿ. ಆದರೆ ಇವತ್ತು ಸೋಮವಾರ. ಭಾವನ ಸಿಟ್ಟು ಬುಧವಾರದ ಹೊತ್ತಿಗೆ ಇಳಿಯುತ್ತದೋ, ಇಲ್ಲವೋ. ಅವರು ನನ್ನನ್ನು ಮೊದಲಿನ ಹಾಗೆ ನಂಬುತ್ತಾರೋ, ಇನ್ನು ಮುಂದೆ ನಾನು ಗಂಟೆ ಎಷ್ಟು ಅಂದರೂ ಗೋಡೆ ಗಡಿಯಾರ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೋ, ನನಗೆ ಗೊತ್ತಿಲ್ಲ. ಊಹಿಸಿ ಬರೆಯಬಲ್ಲೆ. ಬರೆಯುವುದಿಲ್ಲ. ನಡೆಯದೇ ಇರುವುದನ್ನು ನಡೆದ ಹಾಗೆ ಬರೆಯುವ ಚಪಲ ಇವತ್ತಿನ ಮಟ್ಟಿಗೆ ತೀರಿದೆ.

(ಒಂದು ನಿಮಿಷ. ಫೋನು.)

ಅಕ್ಕ. ನಿನ್ನ ಭಾವ ಯಾರ ಮೇಲೋ ಸಿಟ್ಟು ಮಾಡಿಕೊಂಡು ದಡಬಡ ಅಂತ ಟ್ರಕ್ ತೊಳೆಯುತ್ತಿದ್ದಾರೆ, ಬುಧವಾರ ತಾವೇ ಓಡಿಸುತ್ತಾರಂತೆ, ಏನು ನಡೆಯಿತು, ಕೇಳಿದರೆ ನಿನ್ನನ್ನೇ ಕೇಳು ಅನ್ನುತ್ತಿದ್ದಾರೆ, ಅಂತ ಒಂದೇ ಉಸಿರಿಗೆ ಹೇಳಿದಳು. ಅವಳ ಹಿಂದೆ ಬಕೆಟ್ಟಿನ ಸದ್ದು, ನೀರು ಚೆಲ್ಲಿದ ಸದ್ದು.

“ಹೇಳ್ತೀನಿ ಅಕ್ಕ,” ಅಂದೆ. “ಸ್ವಲ್ಪ ಹೊತ್ತಾಗುತ್ತೆ. ಕೂತ್ಕೋ.”